ಮೊಣಕೈಯ ಸೂಜಿ ಗುರುತು

ಪ್ರಯೋಗಾಲಯದಲ್ಲಿ ಬೆಳೆಸಿದ ಕರುಳಿನ ಒಳಪದರವನ್ನು ಬಿಳಿ ರಕ್ತಕಣಗಳು ಹೇಗೆ ದಾಟುತ್ತವೆ ಎಂಬುದು ನನ್ನ ಸಂಶೋಧನೆಯ ವಿಷಯವಾಗಿತ್ತು. ಆ ಕಣಗಳನ್ನು ಕೂಡಿಡಲಾಗುವುದಿಲ್ಲ, ಅಂದೇ ತೆಗೆದ ರಕ್ತ ಬೇಕು. ಎಷ್ಟೋ ಸಲ ನನ್ನದನ್ನೇ ಕೊಡುತ್ತಿದ್ದೆ.

ಮೊಳಕಾಲ್ಮುರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವ ದಿನ, ಚಳ್ಳಕೆರೆಯ ನಮ್ಮ ಮನೆಯಲ್ಲಿ ಬಳೆ ತೊಡಿಸುತ್ತಿದ್ದ ಸೋದರತ್ತೆ ಸೂಜಿಯ ಗುರುತು ನೋಡಿಬಿಟ್ಟರು.

“ಇದೇನೇ, ಕಾಯಿಲೆ ಏನಾರ ಐತಾ?”

ವಿವರಿಸಿದೆ.

“ರಕ್ತ ಬಸಿಯೋ ಓದು ಎಂಥದ್ದೇ! ಉದ್ದ ತೋಳಿನ ರವಿಕೆ ಹಾಕ್ಕೋ. ಕೇಳಿದ್ರೆ ಓದು ಬಿಟ್ಟೀನಿ ಅನ್ನು.”

ಅವ್ವನೂ ಅತ್ತೆಯ ಮಾತೇ ಸರಿ ಎಂಬಂತೆ ಉದ್ದ ತೋಳಿನ ರವಿಕೆ ತಂದು ಕೊಟ್ಟಳು. ಅದನ್ನು ಪಕ್ಕಕ್ಕೆ ತಳ್ಳಿದೆ.

“ಬಿಟ್ಟಿಲ್ಲವ್ವ, ಬಿಡೋದೂ ಇಲ್ಲ” ಎಂದೆ.

ಗಿಡ್ಡ ತೋಳಿನ ರವಿಕೆಯಲ್ಲೇ ಕಾಫಿ ತಂದಿಟ್ಟೆ. ಗಂಡಿನ ತಾಯಿ ಗುರುತಿನ ಬಗ್ಗೆ ಕೇಳಿದರು. ಕರುಳಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಕಾಫಿಯನ್ನು ಯಾರೂ ಮುಟ್ಟಲಿಲ್ಲ. ಮಾರನೆಯ ದಿನ ಪ್ರಯೋಗಾಲಯಕ್ಕೆ ಮರಳಲು ಬಸ್ ಹತ್ತುವಾಗಲೂ ನಾನು ಅವ್ವನನ್ನು ಮಾತಾಡಿಸಲಿಲ್ಲ.