ಮನೆ, ಮನಿ

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಅಣ್ಣ, ನಾನು ಇಳಕಲ್ಲಿಗೆ ಹೋದದ್ದು ಜೀಪಿನಲ್ಲಿ ಎಂದು ನನ್ನ ನೆನಪು. ಅಣ್ಣ ಒಮ್ಮೆ ಟೆಂಪೋ ಎಂದಿದ್ದ. ಎಂಬತ್ತರ ದಶಕದ ಕೊನೆ ಎಂಬುದಂತೂ ಖಚಿತ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಬಾಗಲಕೋಟೆಯ ಒಂದು ಸಣ್ಣ ಕಂಪ್ಯೂಟರ್ ತರಗತಿಯಲ್ಲಿ ಕಲಿಸುತ್ತಿದ್ದೆ.

ಅಣ್ಣ ಬಾದಾಮಿಯಲ್ಲಿ ಕನ್ನಡ ಮಾಸ್ತರನಾಗಿದ್ದ. ಮಕ್ಕಳು 'ಸಾಲಿ' ಎಂದು ಬರೆದರೆ 'ಶಾಲೆ' ಎಂದು ತಿದ್ದುವವನು. ರಜೆಯಲ್ಲಿ ನಮ್ಮಲ್ಲಿಗೆ ಬಂದವನಿಗೆ ಕಂಪ್ಯೂಟರ್ ಯಂತ್ರದ ಹುಚ್ಚು ಹಿಡಿಯಿತು. ಇಳಕಲ್ ಸೀರೆಯ ಅಂಚಿನ ದಡಿ, ಸೆರಗುಗಳನ್ನು ಪರದೆಯ ಮೇಲೆ ಮೂಡಿಸುವ ಪ್ರೋಗ್ರಾಂ ಬರೆದ. ನೇಕಾರ ಹಿರಿಯರು ಒಪ್ಪಿದರೆ ಇದೇ ತನ್ನ ಬದುಕು ಎಂದು, ನಾವು ಬೇಡವೆಂದರೂ ಕೇಳದೆ, ನೌಕರಿ ಬಿಟ್ಟ.

ಪ್ರೋಗ್ರಾಂ ಕಟ್ಟಲು, ಅಂದರೆ ಬರೆದದ್ದನ್ನೂ ವಿನ್ಯಾಸಗಳನ್ನೂ ಕೂಡಿಸಿ ನಡೆಯುವಂತೆ ಮಾಡಲು, ಒಂದು ಸ್ಕ್ರಿಪ್ಟ್ ಇತ್ತು; ಯಂತ್ರ ಒಂದರ ಹಿಂದೊಂದು ಪಾಲಿಸುವ ಆಜ್ಞೆಗಳು. ವಿನ್ಯಾಸಗಳು ಎಲ್ಲಿವೆ ಎಂಬುದನ್ನು ಅದರೊಳಗೆ ಬರೆದಿರಲಿಲ್ಲ. ಯಂತ್ರ ಚಾಲೂ ಮಾಡಿದಾಗಲೆಲ್ಲ ಒಂದು ಹೆಸರು ಹೇಳಿ, ಅದಕ್ಕೆ ಆ ಜಾಗವನ್ನು ಹಚ್ಚಬೇಕಿತ್ತು. ಎನ್ವಿರಾನ್‌ಮೆಂಟ್ ವೇರಿಯೇಬಲ್ ಎನ್ನುತ್ತಾರೆ. ಆರಿಸಿದರೆ ಯಂತ್ರ ಅದನ್ನು ಮರೆಯುತ್ತಿತ್ತು. ಅಣ್ಣ ಇಂಗ್ಲಿಷ್ ಅಕ್ಷರಗಳಲ್ಲೇ, ಆದರೆ ಪುಸ್ತಕದ ಕನ್ನಡದಂತೆ, ಆ ಹೆಸರನ್ನು 'ಮನೆ' ಎಂದಿಟ್ಟಿದ್ದ. ಕಟ್ಟುವ ಮುನ್ನ ಪರದೆಯ ಮೇಲೆ 'ಮನೆ', ಅದರ ಎದುರು ಜಾಗ ಕಾಣಿಸುತ್ತಿತ್ತು. ಸರಿಯಿದೆಯೇ ನೋಡಿ ಕೀಲಿ ಒತ್ತಬೇಕು. ಜಾಗ ಖಾಲಿಯಿದ್ದರೂ ಸ್ಕ್ರಿಪ್ಟ್ ನಿಲ್ಲುತ್ತಿರಲಿಲ್ಲ. ಮೊದಮೊದಲು ಪ್ರಯೋಗಕ್ಕೆಂದು ಬರೆದ ಬರಿಯ ಪಟ್ಟೆಗಳನ್ನೇ ತೆಗೆದುಕೊಂಡುಬಿಡುತ್ತಿತ್ತು.

ಯಂತ್ರವನ್ನು ಕೌದಿಯಲ್ಲಿ ಸುತ್ತಿ, ಕಮತಗಿ, ಹುನಗುಂದ ದಾಟಿ ಇಳಕಲ್ಲಿಗೆ ಒಯ್ದೆವು. ಕಟ್ಟಿಟ್ಟ ಪ್ರೋಗ್ರಾಂ ಚೆನ್ನಾಗಿಯೇ ನಡೆಯಿತು. ಹಿರಿಯರೊಬ್ಬರು ದಡಿಗೆ ಬೇರೆ ಕೆಂಪು ಹಾಕಿ ತೋರಿಸಿ ಎಂದರು. ಅದಕ್ಕಾಗಿ ಅಲ್ಲೇ ಮತ್ತೆ ಕಟ್ಟಬೇಕಾಯಿತು. ಅಣ್ಣ ಅವಸರದಲ್ಲಿ ಹೆಸರು, ಜಾಗ ಟೈಪಿಸಿ ಕೀಲಿ ಒತ್ತಿದ. ಸುತ್ತಲೂ ಜನ, ನಾನು ಹಿಂದೆ ನಿಂತಿದ್ದೆ, ಅವನ ಬೆನ್ನಷ್ಟೇ ಕಾಣುತ್ತಿತ್ತು. ಪರದೆಯ ಮೇಲೆ ಪಟ್ಟೆಗಳು ಮೂಡಿದವು, ಅಗಲವಾದ, ಒರಟಾದ ಪಟ್ಟೆಗಳು.

"ಮಾಸ್ತರ, ಇದು ಉಡೂ ಸೀರಿ ಅಲ್ಲರಿ," ಎಂದರು ಆ ಹಿರಿಯರು. "ಜಮಖಾನಿ. ಮದುವಿ ಮನ್ಯಾಗ ಹಾಸಾಕ ಬರ್ತದ."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಇನ್ನೊಮ್ಮೆ ಮಾಡೋಣವೆಂದು ನಾನು ಹೇಳುವಷ್ಟರಲ್ಲಿ ಯಂತ್ರ ಆರಿಸಿ ಕೌದಿ ಹೊಚ್ಚಿದ. ಅವರು ಮತ್ತೆ ಕರೆಯಲಿಲ್ಲ. ಅವನೂ ಹೋಗಲಿಲ್ಲ.

ತಪ್ಪನ್ನು ನಾನು ಬಾಗಲಕೋಟೆಗೆ ಬಂದ ಮೇಲೆ ಕಂಡುಕೊಂಡೆ. ಅಂದು ಅವನು ನಮ್ಮ ಆಡುಮಾತಿನಂತೆ 'ಮನಿ' ಎಂದು ಒತ್ತಿದ್ದಿರಬೇಕು. ನಾನು ಹಾಗೆಯೇ ಒತ್ತಿದಾಗ ಅವೇ ಪಟ್ಟೆಗಳು ಬಂದವು. ಹೆಸರು ಹೊಂದದೆ 'ಮನೆ' ಖಾಲಿ ಉಳಿದಿತ್ತು. ಒಂದೇ ಅಕ್ಷರ. ಹೇಳಿದರೆ ಸಮಾಧಾನವಾದೀತೆಂದು ಅವನಿಗೆ ಹೇಳಿದೆ. "ಹೌದೇನು?" ಎಂದ, ಅಷ್ಟೇ. ಬಿಟ್ಟ ಶಾಲೆಗೆ ಅಷ್ಟರಲ್ಲಿ ಬೇರೆ ಮಾಸ್ತರರು ಬಂದಿದ್ದರು.

ಆಮೇಲೆ ಅವನು ಕೆರೂರಿನ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಕೂತ. ಈಗಲೂ ಅಲ್ಲೇ ಇದ್ದಾನೆ. ಯಂತ್ರದ ಮಾತು ತೆಗೆದರೆ ಎದ್ದು ಬಟ್ಟೆಯ ಥಾನು ಮಡಚುತ್ತಾನೆ. ಅಂದು ಕೀಲಿ ಒತ್ತುವ ಮೊದಲು 'ಮನೆ'ಯ ಆ ಸಾಲು ಅವನ ಕಣ್ಣೆದುರು ನಿಂತು ಕಾದಿತ್ತು. ಪ್ರತಿದಿನ ಅದನ್ನು ಬೆರಳಿಟ್ಟು ಓದುತ್ತಿದ್ದವನು ಅವನು. ಒಮ್ಮೆ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕೇಳಿದೆ.

"ಅಣ್ಣಾ, 'ಮನೆ' ಮುಂದ ಖಾಲಿ ಇದ್ದದ್ದು ನಿನಗ ಕಾಣಲಿಲ್ಲೇನು, ಇಲ್ಲಾ ಕಂಡೂ ಒತ್ತಿದೇನು?"