ಒಡೆದು ತೋರಿಸಿ ಸ್ವಾಮಿ

ನಮ್ಮ ಗಿರಿಜೆಯ ಕಣ್ಣು ನೆಟ್ಟಗಿದೆ! ಅವಳು ಹುಟ್ಟಿದಾಗಿನಿಂದ ನಮಗೆ ಗೊತ್ತಿದ್ದ ಸಂಗತಿ ಇವತ್ತು ಸರ್ಕಾರಕ್ಕೂ ಗೊತ್ತಾಗಿ, ಟಪಾಲಿನಲ್ಲಿ ಕಾಗದ ಬಂದಿದೆ. ಮೊಮ್ಮಗಳು ನರ್ಸ್ ಟ್ರೈನಿಂಗಿಗೆ ಸೇರುತ್ತಾಳೆ. ಬೆಳಗಿನಿಂದ ಬಿಳಿಗೆರೆಯ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ, ಸಿಗದವರ ಮನೆಗೇ ಹೋಗಿ ಹೇಳಿ, ಈಗ ನಿಮಗೆ ಬರೆದು ಹೇಳುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತ ತಪ್ಪಿದ್ದರೆ ಸಂತೋಷಕ್ಕೆ ತಪ್ಪಿತು ಎಂದುಕೊಳ್ಳಿ.

ಟ್ರೈನಿಂಗಿಗೆ ಆರಿಸಿದ ಮೇಲೆ ಆಸ್ಪತ್ರೆಯಲ್ಲಿ ಮೈ ಪರೀಕ್ಷೆ ಮಾಡಿಸಬೇಕಿತ್ತು. ಯಾವ ಆಸ್ಪತ್ರೆ ಎಂದು ಹೇಳಲಾರೆ. ನಾಳೆ ನನ್ನ ಮೊಣಕಾಲನ್ನೂ ಅಲ್ಲಿಗೇ ಎಳೆದುಕೊಂಡು ಹೋಗಬೇಕು. ಪರೀಕ್ಷೆಯಾಗಿ ಸ್ವಲ್ಪ ದಿನಕ್ಕೆ, ದೃಷ್ಟಿ ಸಾಲದು, ಸೇರಿಸಿಕೊಳ್ಳಲಾಗದು ಎಂದು ಉತ್ತರ ಬಂತು. ತೋಟದ ಆ ತುದಿಯ ಮರದಲ್ಲಿ ಯಾವ ಗೊನೆ ಬಲಿತಿದೆ ಎಂದು ಜಗಲಿಯಿಂದಲೇ ಹೇಳುವ ಹುಡುಗಿ ಇವಳು! ಹಾಗಾದರೆ ನನ್ನ ಬಗ್ಗೆ ಬರೆದ ಹಾಳೆ ತೋರಿಸಿ ಎಂದು ಇವಳು ಕೇಳಿದ್ದಕ್ಕೆ, ಅದು ಗುಟ್ಟಿನ ಕಾಗದ, ತೋರಿಸುವಂತಿಲ್ಲ ಎಂದರಂತೆ ಆಸ್ಪತ್ರೆಯವರು.

"ನನ್ನ ಕಣ್ಣು ನನಗೇ ಗುಟ್ಟೇನಜ್ಜಿ?" ಎಂದು ಅತ್ತಳು.

ನಮ್ಮ ಬೆನ್ನು ನಮಗೆ ಕಾಣುವುದಿಲ್ಲ, ನಿಜ. ಅದನ್ನು ದೇವರೇ ಹಾಗೆ ಮಾಡಿದ್ದಾನೆ, ಯಾರನ್ನು ದೂರಲಿ? ಆದರೆ ನಮ್ಮ ಬೆನ್ನು ನೋಡಿ ಯಾರೋ ಬರೆದಿಟ್ಟದ್ದು ನಮ್ಮನ್ನು ಬಿಟ್ಟು ಊರಿಗೆಲ್ಲ ಕಾಣಬಹುದು ಎಂದರೆ ಯಾವ ನ್ಯಾಯ? ಗಿರಿಜೆ ಮೇಲಿನ ಕಚೇರಿಗೆ ದೂರು ಬರೆದಳು. ಆ ಕಚೇರಿಯವರು ದೂರನ್ನು ಅದೇ ಆಸ್ಪತ್ರೆಗೆ ಕಳಿಸಿ, ಇದು ನಿಜವೇ ಎಂದು ಕೇಳಿದರು. ಆಸ್ಪತ್ರೆಯವರು ಎಲ್ಲ ಸರಿಯಾಗಿದೆ ಎಂದರು. ದೂರು ಮುಗಿಯಿತು ಎಂದು ಕಚೇರಿಯಿಂದ ಕಾಗದ ಬಂತು. ಕುರಿ ಎಲ್ಲಿ ಹೋಯಿತು ಎಂದು ತೋಳನನ್ನೇ ಕೇಳಿ ಬಂದ ಹಾಗೆ!

ಗಿರಿಜೆಯನ್ನು ಕರೆದುಕೊಂಡು ಆ ಕಚೇರಿಗೇ ಹೋಗಿ ಕೇಳುತ್ತೇನೆ ಎಂದು ನಾನು ಸೀರೆ ಬದಲಾಯಿಸಿದೆ.

"ಸರ್ಕಾರದ ಜೊತೆ ಗುದ್ದಾಡಕಾಯ್ತದೇನೇ? ಸುಮ್ಕಿರು ಬುಡು," ಎಂದರು ನಮ್ಮ ಯಜಮಾನರು.

"ನೀವು ಸುಮ್ಕಿದ್ದು ಸುಮ್ಕಿದ್ದೇ ನಿಮ್ಮ ತಮ್ಮನ ಬೇಲಿ ನಮ್ಮ ತೋಟದೊಳಕ್ಕೆ ಬಂದಿದ್ದು ಕಣ್ರೀ!" ಎಂದೆ. ಆಮೇಲೆ ಬಸ್ ಸ್ಟಾಪಿನವರೆಗೆ ನನ್ನ ಚೀಲ ಹೊತ್ತವರು ಅವರೇ.

ಚೀಲದಲ್ಲಿ ಒಂದು ಉಂಡೆ ಕೊಬ್ಬರಿ ಇತ್ತು. ನಮ್ಮ ಕಡೆಯ ಪದ್ಧತಿ ನಿಮಗೆ ಹೇಳಬೇಕು. ಹತ್ತಿರ ಹತ್ತಿರ ಒಂದು ವರ್ಷ ಅಟ್ಟದಲ್ಲಿ ಒಣಗಿ ಇಡಿಯಾಗಿ ಬಂದ ಕೊಬ್ಬರಿಯನ್ನು ಕೊಳ್ಳುವ ಸಾಹುಕಾರ ಕೈಯಲ್ಲಿ ತೂಗಿ, ಮೂಸಿ, ಇದು ಕೌಟು, ಒಳಗೆ ಕೆಟ್ಟಿದೆ ಎಂದು ಪಕ್ಕಕ್ಕೆ ಹಾಕುತ್ತಾನೆ. ಹಾಕಲಿ. ಆದರೆ ಬೆಳೆದವನು ಕೇಳಿದರೆ ಅವನೆದುರಿಗೇ ಒಡೆದು ತೋರಿಸಬೇಕು. ಒಂದು ಕಾಯಿಗೇ ಇಷ್ಟು ಮರ್ಯಾದೆ ಇರುವಾಗ ನಮ್ಮ ಹುಡುಗಿಗೆ ಬೇಡವೇ? ಇದನ್ನೇ ಹೇಳೋಣವೆಂದು ಕಚೇರಿಯ ಸಾಹೇಬರ ಮೇಜಿನ ಮೇಲೆ ಕೊಬ್ಬರಿ ಇಟ್ಟೆ. ಅವರ ಮುಖ ಕೆಂಪಾಯಿತು.

"ಏನಮ್ಮ ಇದು? ಲಂಚ ಗಿಂಚ ಎಲ್ಲ ನನ್ನ ಹತ್ರ ನಡೆಯಲ್ಲ, ಎತ್ಕೊಳ್ಳಿ!"

"ಅಯ್ಯೋ, ತಿನ್ನಾಕಲ್ಲ ಸ್ವಾಮಿ! ಲಂಚ ಕೊಡೋಳು ಒಂದೇ ಕೊಬ್ಬರಿ ತತ್ತಾಳಾ? ಇದು ಕೌಟು ಅಂತೀರಾ, ಅನ್ನಿ. ಒಡೆದು ತೋರಿಸಿ, ಒಪ್ಕೊತೀನಿ. ಈ ಮಗೀನೂ ಕೌಟು ಅಂದ್ರಿ. ಆಸ್ಪತ್ರೆಯೋರು ಒಡೀಲಿಲ್ಲ, ನೀವೂ ಒಡೀಲಿಲ್ಲ."

ಅವರು ಕೊಬ್ಬರಿಯನ್ನು ನೋಡಿದರು, ಗಿರಿಜೆಯನ್ನು ನೋಡಿದರು, ಮೇಜಿನ ಮೇಲೆ ಗುಡ್ಡವಾಗಿದ್ದ ಫೈಲುಗಳನ್ನು ನೋಡಿದರು. ಪಾಪ, ನಿದ್ದೆಗೆಟ್ಟ ಕಣ್ಣು. ಅಷ್ಟನ್ನೂ ಒಡೆದು ನೋಡಲು ಯಾವ ಮನುಷ್ಯನಿಗಾದೀತು? "ನೋಡದೆ ದೂರು ಮುಚ್ಚಿದ್ದು ನಮ್ಮ ತಪ್ಪು ಕಣಮ್ಮ. ಆ ಹಾಳೆ ತರಿಸ್ತೀನಿ, ನಿಮ್ಮೆದುರಿಗೇ ನೋಡೋಣ," ಎಂದು ಕೊಬ್ಬರಿಯನ್ನು ತಾವೇ ನನ್ನ ಚೀಲಕ್ಕೆ ಹಾಕಿದರು.

ಹೇಳಿದಂತೆ ಹಾಳೆ ತರಿಸಿ ನಮ್ಮನ್ನು ಕರೆಸಿದರು. ಮೇಲೆ ಗಿರಿಜೆಯ ಹೆಸರೇ. ಆದರೆ ಅದರಲ್ಲಿದ್ದ ಎತ್ತರ ನಿಜವಾದರೆ ಅವಳು ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು! ಸಾಹೇಬರು ಅವಳನ್ನು ಎದ್ದು ನಿಲ್ಲಿಸಿದರು. ಅವರ ಭುಜಕ್ಕೂ ಬರಲಿಲ್ಲ. ಸಾಲಿನಲ್ಲಿ ಹಿಂದಿದ್ದ ಯಾರದೋ ಪರೀಕ್ಷೆ ಇವಳ ಹೆಸರಿನ ಕೆಳಗೆ ಕೂತಿತ್ತು. ಮತ್ತೆ ಪರೀಕ್ಷೆಯಾಯಿತು, ಇವತ್ತು ಕಾಗದ ಬಂತು. ಆ ಎತ್ತರದ ಹುಡುಗಿಗೂ ಬೇಗ ಒಂದು ಕನ್ನಡಕ ಸಿಗಲಿ ಎಂದು ಮನೆದೇವರಿಗೆ ಹೇಳಿಕೊಂಡಿದ್ದೇನೆ.

ಸಂಜೆ ಸೊಸೆ ಹೋಳಿಗೆ ಮಾಡಿದಳು. ಮಗ, ಸೊಸೆ, ಗಿರಿಜೆ, ನಾವಿಬ್ಬರು, ಬೇಲಿ ಸರಿಸಿದ ಮೈದುನನ ಮನೆಯವರೂ ಸೇರಿ ಸಾಲಾಗಿ ಎಲೆಯ ಮುಂದೆ ಕೂತೆವು. ಕಚೇರಿಗೆ ಹೋಗಿ ಬಂದ ಕೊಬ್ಬರಿ ದೇವರ ಗೂಡಿನಲ್ಲೇ ಇತ್ತು. ಯಜಮಾನರು ಅದನ್ನು ತಂದು ಎಲ್ಲರೆದುರು ಒಡೆದರು.

ಒಳಗೆ ಒಂದು ಪಕ್ಕ ಕೌಟು!

ನಾನೇ ಮೂಸಿ, ತೂಗಿ, ಆರಿಸಿ ಒಯ್ದದ್ದು. "ಏನೇ, ನಿನ್ನ ಮೂಗಿಗೂ ಒಂದು ಮರುಪರೀಕ್ಷೆ ಮಾಡಿಸ್ಬೇಕಲ್ಲೇ!" ಎಂದರು ಯಜಮಾನರು. ಗಿರಿಜೆಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು. ಪುಣ್ಯಕ್ಕೆ ಆ ಸಾಹೇಬರು ಅಲ್ಲೇ ಒಡೆಯಲಿಲ್ಲ! ನೋಡಿ, ಒಡೆಯದೆ ಯಾರ ಮಾತನ್ನೂ ನಂಬಬಾರದು, ನನ್ನದನ್ನೂ. ಕೆಟ್ಟ ಪಕ್ಕವನ್ನು ಕೆತ್ತಿ ಹಾಕಿ, ಒಳ್ಳೆಯದನ್ನು ಬೆಲ್ಲದ ಜೊತೆ ಎಲ್ಲರ ಎಲೆಗೂ ಹಂಚಿದೆ. ಒಬ್ಬರೂ ಬೇಡ ಎನ್ನಲಿಲ್ಲ.