ಕೂಲರ್ ತೊಟ್ಟಿಯ ಪುದೀನಾ

ಮಣಿಕೊಂಡದ ನಮ್ಮ ಬಾಡಿಗೆ ಮನೆಯ ಬಾಲ್ಕನಿಗೆ ಬಿಸಿಲು ಬೀಳುತ್ತಿದ್ದುದು ಒಂದೇ ಮೂಲೆಯಲ್ಲಿ. ಕೆಟ್ಟುಹೋದ ಕೂಲರಿನ ತಳದ ತೊಟ್ಟಿಯನ್ನು ಅಲ್ಲಿಟ್ಟು, ತೂತು ಕೊರೆದು, ಮಣ್ಣು ತುಂಬಿ, ಕೊತ್ತಂಬರಿ, ಮೆಂತ್ಯ, ಪುದೀನಾ ಮೂರನ್ನೂ ಒಟ್ಟಿಗೆ ಹಾಕಿದ್ದೆ. ಮಿಕ್ಕ ಮಣ್ಣು ಗೋಡೆ ಬದಿಯಲ್ಲಿ ಗುಡ್ಡೆ ಬಿದ್ದಿತ್ತು. ಪಕ್ಕದ ಮಾದಾಪುರದ ತುಂಬ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನನಗೂ ಗಂಡನಿಗೂ ಅಲ್ಲೇ ಕೆಲಸ. ಬೆಳಿಗ್ಗೆ ಕ್ಯಾಬ್ ಹತ್ತಿದರೆ ಇಳಿಯುವುದು ಕತ್ತಲಾದ ಮೇಲೆ. ಇಳಿದವಳೇ ಕತ್ತರಿ ಹಿಡಿದು ನಾಲ್ಕು ಎಲೆ ಕತ್ತರಿಸಿ ಚಟ್ನಿ ಅರೆಯುವುದೇ ನನಗಿದ್ದ ದೊಡ್ಡ ಸುಖ.

ಹೀಗಿರುವಾಗ ಗುಲ್ಬರ್ಗದಿಂದ ಅತ್ತೆ ಬಂದರು. ಅಕ್ಕಿ ಚೀಲಕ್ಕೆ ತಾವೇ ಹಿಡಿಕೆ ಹೊಲಿದ ಒಂದು ಚೀಲ, ಅದರ ಬಾಯಲ್ಲಿ ಒದ್ದೆ ಬಟ್ಟೆ ಸುತ್ತಿದ ತುಳಸಿ ಸಸಿ. ಬಾಗಿಲಲ್ಲೇ ಶರತ್ತು ಹೇಳಿದರು: ತುಳಸಿ ಇಲ್ಲಿ ಹತ್ತಿದರೆ ತಾವೂ ಇರುತ್ತಾರೆ, ಬಾಡಿದರೆ ಊರಿಗೆ ರೈಲು. ಬೀರುವಿನಲ್ಲಿ ನಾನು ತೆರವು ಮಾಡಿಕೊಟ್ಟ ಅರೆಯನ್ನು ತಿರುಗಿಯೂ ನೋಡಲಿಲ್ಲ. ಸೀರೆ ಚೀಲದಿಂದ ತೆಗೆಯುವುದು, ಒಗೆದು ಮಡಿಸಿ ಮತ್ತೆ ಚೀಲಕ್ಕೇ ಹಾಕುವುದು. ಆ ಚೀಲ ಬಾಗಿಲ ಹಿಂದೆ ಸದಾ ಹೊರಟು ನಿಂತೇ ಇರುತ್ತಿತ್ತು.

ಅವರು ಇರಲಿ ಎಂದು ನಾನು ಮನಸಾರೆ ಬಯಸಿದ್ದೆ. ಪ್ರೀತಿ ಆಮೇಲೆ ಬಂತು. ಮೊದಲು ಬಂದದ್ದು ಬಿಸಿ ಜೋಳದ ರೊಟ್ಟಿ. ಇಡೀ ದಿನ ಯಾವುದೋ ದೇಶದ ಬ್ಯಾಂಕಿನ ತಪ್ಪು ತಿದ್ದಿ ಬಂದವಳಿಗೆ ಮೆಟ್ಟಿಲ ಮೇಲೇ ರೊಟ್ಟಿ ತಟ್ಟುವ ಸದ್ದು ಕೇಳಿದರೆ ಏನಾಗುತ್ತದೆಂದು ಕೇಳಿದವರಿಗೇ ಗೊತ್ತು.

ಬಿಸಿಲಿದ್ದದ್ದು ಅದೊಂದೇ ಮೂಲೆಯಾದ್ದರಿಂದ ತುಳಸಿ ನನ್ನ ತೊಟ್ಟಿಯ ನಟ್ಟನಡುವೆ ಕೂತಿತು. ತೊಟ್ಟಿ ಬೃಂದಾವನವಾಯಿತು. ಮುಂದೆ ರಂಗೋಲಿ ಬಂತು, ಸಂಜೆಗೆ ದೀಪ ಬಂತು, ನನ್ನ ಕತ್ತರಿ ಹೋಯಿತು. ಮಂಗಳವಾರ, ಶುಕ್ರವಾರ, ಭಾನುವಾರ, ದ್ವಾದಶಿ, ಅಮಾವಾಸ್ಯೆ, ಹುಣ್ಣಿಮೆಯಂದು ತುಳಸಿ ಕೀಳಬಾರದೆಂದು ನನಗೂ ಗೊತ್ತಿತ್ತು. ಪಕ್ಕದ ಪುದೀನಾಕ್ಕೂ ಆ ಮರ್ಯಾದೆ ಸಲ್ಲುತ್ತದೆಂದು ಗೊತ್ತಿರಲಿಲ್ಲ. ಉಳಿದ ದಿನಗಳಲ್ಲಿ ಕತ್ತಲಾದ ಮೇಲೆ ಕೈ ಹಾಕುವ ಹಾಗಿಲ್ಲ. “ಗಿಡ ಮಲಗ್ಯಾವವಾ, ಎಬ್ಬಿಸಬ್ಯಾಡ” ಎನ್ನುತ್ತಿದ್ದರು. ಗಿಡಗಳು ಎಚ್ಚರವಿದ್ದಷ್ಟು ಹೊತ್ತೂ ನಾನು ಮಾದಾಪುರದಲ್ಲಿರುತ್ತಿದ್ದೆ. ಶನಿವಾರಕ್ಕೆ ಕಾದರೆ ಶನಿವಾರವೂ ಆಫೀಸು. ನೀವೇ ಹಗಲು ಕಿತ್ತಿಡಿ ಎಂದರೆ, ದೇವರ ಅಂಗಳದ ಸೊಪ್ಪಿಗೆ ತಾವು ಕೈ ಹಾಕುವವರಲ್ಲವಂತೆ. ನ್ಯಾಯ ಹೇಳಬೇಕಾದ ನನ್ನ ಗಂಡ ಲ್ಯಾಪ್‌ಟಾಪಿನ ಹಿಂದೆ ಮಾಯವಾಗುತ್ತಿದ್ದ.

ಕೊತ್ತಂಬರಿ ಹೂಬಿಟ್ಟು ಮುಗಿಯಿತು, ಮೆಂತ್ಯ ಒಣಗಿತು. ಪುದೀನಾ ಮಾತ್ರ ದೇವರ ಕಾವಲು ಸಿಕ್ಕ ಖುಷಿಗೆ ಕೊಬ್ಬಿ, ತೊಟ್ಟಿಯ ಅಂಚು ದಾಟಿ ಬೀದಿಯ ಕಡೆಗೆ ಜೋತುಬಿತ್ತು. ಅದರ ಕೆಳಗೇ ನಿಂತು ನಾನು ತರಕಾರಿ ಬಂಡಿಯಲ್ಲಿ ಪುದೀನಾ ಕೊಳ್ಳುತ್ತಿದ್ದೆ. ಬಂಡಿಯಾಕೆ ಒಮ್ಮೆ ಮೇಲೆ ನೋಡಿ, ನನ್ನನ್ನು ನೋಡಿ, ಅದೇನು ಪ್ಲಾಸ್ಟಿಕ್ಕಿನದೇ ಎಂದು ತೆಲುಗಿನಲ್ಲಿ ವಿಚಾರಿಸಿದಳು.

ಅಷ್ಟರಲ್ಲಿ ತುಳಸಿ ಹಳದಿಯಾಗತೊಡಗಿತು. ಅತ್ತೆ ನೀರು ಹೆಚ್ಚಿಸಿದರು, ಪುದೀನಾ ಕುಡಿಯಿತು. ಗೊಬ್ಬರ ಹಾಕಿದರು, ಅದನ್ನೂ ಪುದೀನಾವೇ ತಿಂದಿತು. ಇದೇ ತುಳಸಿಯ ಉಸಿರು ಕಟ್ಟಿಸುತ್ತಿದೆ, ಕಿತ್ತುಬಿಡೋಣ ಎಂದೆ. ಅತ್ತೆ ನನ್ನ ನಾಲಿಗೆ ಚಪಲ ಬಲ್ಲವರು, ಚಟ್ನಿಯ ಆಸೆಗೆ ತುಳಸಿಯ ಹೆಸರು ಹೇಳಬೇಡ ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಅಪರೂಪಕ್ಕೊಮ್ಮೆ ಚಟ್ನಿಯ ಯೋಚನೆಯಿಲ್ಲದೆ ಮಾತಾಡಿದ್ದೆ. ಗುರುವಾರ ಹಗ್ಗದ ಮೇಲಿನ ಸೀರೆಗಳೆಲ್ಲ ಚೀಲ ಸೇರಿದವು, ಚೀಲದ ಬಾಯಿ ಬಿಗಿಯಿತು. ಶನಿವಾರದ ರೈಲು ಎಂದರು.

ಶುಕ್ರವಾರ ಆಫೀಸಿನಲ್ಲಿ ಸರ್ವರ್ ಕೈಕೊಟ್ಟು, ದೀಪ ಹಚ್ಚುವ ಹೊತ್ತಿಗೇ ಮನೆಗೆ ಬಂದೆ. ಮೆಟ್ಟಿಲ ಮೇಲೆ ರೊಟ್ಟಿಯ ಸದ್ದಿಲ್ಲ. ಒಳಗೆ ಹೋಗಿ ನೋಡಿದರೆ ಅತ್ತೆ ಬಾಲ್ಕನಿಯಲ್ಲಿ ಸೆರಗು ಸಿಕ್ಕಿಸಿ ಕೂತು, ಪುದೀನಾವನ್ನು ಬೇರುಸಮೇತ ಕೀಳುತ್ತಿದ್ದಾರೆ.

ನನ್ನನ್ನು ಕಂಡು, “ತುಳಸೀನ್ನ ಮುಟ್ಟಿಲ್ಲವಾ ನಾ. ಇದನ್ನಷ್ಟ ಕೀಳಾಕತ್ತೀನಿ” ಎಂದರು.

ನಾನು ಬಿಡುವವಳಲ್ಲ. “ಇವತ್ತ ಶುಕ್ರವಾರ ಐತಲ್ರಿ ಅತ್ತಿ. ಗಿಡಾನೂ ಮಲಗ್ಯಾವ.”

“ಮಲಗಿದ್ದಾಗ ಕಿತ್ರ ಅದಕ್ಕ ಗೊತ್ತಾಗಂಗಿಲ್ಲ” ಎಂದು ಮತ್ತೊಂದು ಬೇರು ಎಳೆದರು.

ತುಳಸಿಯ ಬುಡ ಬಯಲಾಯಿತು. ಪಕ್ಕದಲ್ಲಿ ಪುದೀನಾದ ರಾಶಿ. ಚಟ್ನಿಗೆ ಬೇಕಾದಷ್ಟು ತೆಗೆದಿಟ್ಟು, ಬೇರಿದ್ದದ್ದನ್ನು ಎಸೆಯಬಾರದೆಂದು, ನೆಡಲು ಏನಾದರೂ ಸಿಕ್ಕೀತೇ ಎಂದು ಅತ್ತೆ ಸುತ್ತಲೂ ನೋಡಿದರು. ಮನೆಯಲ್ಲಿದ್ದ ಬಕೆಟ್ಟುಗಳಿಗೆಲ್ಲ ಕೆಲಸವಿತ್ತು. ಎದ್ದು ಬಾಗಿಲ ಹಿಂದಕ್ಕೆ ಹೋದರು. ಚೀಲ ಬಿಚ್ಚಿ ಸೀರೆಗಳನ್ನು ಮಂಚದ ಮೇಲೆ ಸುರಿದು, ಅದರ ತಳಕ್ಕೆ ನನ್ನ ಕತ್ತರಿಯಿಂದಲೇ ನಾಲ್ಕು ತೂತು ಮಾಡಿ ತಂದು ನನ್ನ ಮುಂದೆ ಹಿಡಿದರು.

“ಮಣ್ಣ ತುಂಬವಾ” ಎಂದರು.

ನಾಳೆಯ ರೈಲಿಗೆ ಸೀರೆಗಳನ್ನು ಯಾವುದರಲ್ಲಿ ಒಯ್ಯುತ್ತೀರಿ ಎಂದು ನಾನು ಕೇಳಲಿಲ್ಲ. ಅವರ ಮನಸ್ಸು ಬದಲಾಗುವ ಮೊದಲೇ ಎರಡೂ ಕೈಯಿಂದ ಮಣ್ಣು ಬಾಚಿ, ಹಿಡಿಕೆಯವರೆಗೂ ಒತ್ತಿ ಒತ್ತಿ ತುಂಬಿದೆ.